ನೀಲಿ ಬುಟ್ಟಿಯ ದನಿ

ಯಾರಿಗೂ ಹೇಳದ, ಡೈರಿಯಲ್ಲಿ ಕೂಡ ಪೆನ್ಸಿಲಿನಿಂದ ಬರೆದು ಅಳಿಸಿಬಿಟ್ಟ ಒಂದು ಚಿಂತೆ ನನಗಿತ್ತು. ಅಮ್ಮನ ದನಿ ಯಾವುದು ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಇದು ಅವಳದೇ ತಾನೇ ಎಂದು ಅಪ್ಪ ಕೇಳಿದಾಗಲೆಲ್ಲ ಹೌದೆಂದು ತಲೆಯಾಡಿಸುತ್ತಿದ್ದೆ. ತಲೆಯಾಡಿಸುವುದು ಮಾತಲ್ಲವಲ್ಲ, ಹಾಗಾಗಿ ಸುಳ್ಳೂ ಅಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಬೇರೆ ಊರಿನಲ್ಲಾದರೆ ಇದೊಂದು ಚಿಂತೆಯೇ ಅಲ್ಲ. ತೀರಿಹೋಗಿ ಇಷ್ಟು ವರ್ಷವಾದವರ ದನಿ ಯಾರಿಗೆ ತಾನೇ ನೆನಪಿರುತ್ತದೆ? ಆದರೆ ನಮ್ಮೂರಿನಲ್ಲಿ ಹಾಗೆ ಮರೆತೆ ಎನ್ನಲು ಯಾವ ನೆಪವೂ ಇಲ್ಲ.

ನಮ್ಮೂರು ನದಿ ಕಡಲಿಗೆ ಸೇರುವ ಅಳಿವೆಯ ಪಕ್ಕದಲ್ಲಿದೆ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು, ಮನೆಗಳ ಹಿತ್ತಿಲಿನಿಂದ ಹಿಡಿದು ಕಣ್ಣು ಹೋಗುವಷ್ಟು ದೂರ ಬರೀ ಕೆಸರು ಹೊಳೆಯುತ್ತದೆ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರು ದಿನಾ ಬಳಸುತ್ತಿದ್ದ ಒಂದು ವಸ್ತುವನ್ನು ಆ ಕೆಸರಿನಲ್ಲಿ ಹೂಳುತ್ತಾರೆ. ಕೆಸರಿಗೆ ಕೊಡುವುದು ಎನ್ನುತ್ತೇವೆ. ಮನೆಯವರಲ್ಲಿ ಒಬ್ಬರು ವಸ್ತುವಿನ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ “ಇದು ನಮ್ಮದು” ಎನ್ನಬೇಕು. ಅಲ್ಲಿಂದ ಮುಂದೆ, ಕೆಸರು ಆ ವಸ್ತುವನ್ನು ತಿಂದು ಮುಗಿಸುವವರೆಗೆ, ಹೋದವರ ದನಿ ಮನೆಯಲ್ಲಿ ಇರುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಹೊಸ ಮಾತು ಆಡುವುದಿಲ್ಲ. ಇದ್ದಾಗ ಏನೇನು ಅನ್ನುತ್ತಿದ್ದರೋ ಅದನ್ನೇ ಆಯಾ ಹೊತ್ತಿಗೆ ಅನ್ನುತ್ತದೆ. ಹಾಲು ಉಕ್ಕುತ್ತದೆ ನೋಡು, ಬೇಲಿಯ ದಣಪೆ ಹಾಕಿದೆಯಾ, ಈ ಬೆಕ್ಕಿಗೆ ನಾಚಿಕೆಯೇ ಇಲ್ಲ. ವಸ್ತು ಕೊಳೆತಂತೆ ದನಿ ತೆಳುವಾಗುತ್ತ ಹೋಗಿ, ಬಹಳ ದಿನದಿಂದ ಅದು ಕೇಳಿಲ್ಲವಲ್ಲ ಎಂದು ಮನೆಯಲ್ಲಿ ಯಾರಿಗೋ ಹೊಳೆಯುತ್ತದೆ. ಅವತ್ತು ಪಾಯಸ ಮಾಡುತ್ತಾರೆ. ದುಃಖ ಮುಗಿಯಿತು ಎಂದು ಲೆಕ್ಕ.

ಯಾವ ವಸ್ತು ಎಷ್ಟು ಕಾಲ ಬಾಳುತ್ತದೆ ಎಂಬುದು ಹಾಗಾಗಿ ನಮ್ಮೂರಿನ ಮಕ್ಕಳಿಗೂ ಗೊತ್ತಿತ್ತು. ಹತ್ತಿಯ ಪಂಚೆ ಒಂದು ಮಳೆಗಾಲ. ತೆಂಗಿನ ನಾರಿನ ಹಗ್ಗವಾದರೆ ಕೆಲವು ವರ್ಷ. ಹಲಸಿನ ಮರದ ಸೌಟು ಮೊಮ್ಮಕ್ಕಳು ದೊಡ್ಡವರಾಗುವವರೆಗೆ. ಕೆಳಗಿನ ಕೇರಿಯ ಸೊಸೆಯೊಬ್ಬಳು ಅತ್ತೆ ಕೈಯಲ್ಲಿ ಸದಾ ಇರುತ್ತಿದ್ದದ್ದು ವೀಳ್ಯದೆಲೆ ತಾನೇ ಎಂದು ಎಲೆಯ ಕಟ್ಟನ್ನೇ ಕೆಸರಿಗೆ ಕೊಟ್ಟು, ಒಂದು ವಾರ ಕಳೆಯುವುದರೊಳಗೆ ಪಾಯಸ ಹಂಚಿದ್ದಳು. ಪ್ರೀತಿ ಉಕ್ಕಿ ಹೆಂಡತಿಯ ಮಣೆಯನ್ನು ಕೊಟ್ಟ ದೋಣಿಕಾರ ಕೃಷ್ಣಪ್ಪನವರು ಜೀವಮಾನವಿಡೀ “ಕಾಲು ಒರೆಸಿ ಒಳಗೆ ಬನ್ನಿ” ಎಂದು ಹೇಳಿಸಿಕೊಂಡರು. ಒರೆಸಿಕೊಂಡೇ ಒಳಗೆ ಬಂದರು ಕೂಡ.

ನನ್ನ ಅಮ್ಮನ ಹೆಸರು ನಾಗವೇಣಿ. ಇಳಿತವಾದಾಗ ಕೆಸರಿಗಿಳಿದು ಬಳಚು, ಅಂದರೆ ತಿನ್ನುವ ಕಪ್ಪೆಚಿಪ್ಪು, ಹೆಕ್ಕುವುದು ಅವಳ ಕೆಲಸ. ಉಳಿದ ಹೆಂಗಸರೆಲ್ಲ ಬಿದಿರಿನ ಬುಟ್ಟಿ ಒಯ್ಯುತ್ತಿದ್ದ ಕಾಲದಲ್ಲಿ ಅಮ್ಮ ಸಂತೆಯಿಂದ ತೂತು ತೂತಿನ ನೀಲಿ ಪ್ಲಾಸ್ಟಿಕ್ ಬುಟ್ಟಿ ತಂದಿದ್ದಳು. ನೀರಿನಲ್ಲಿ ಅದ್ದಿ ಅತ್ತಿತ್ತ ತೂಗಿದರೆ ಕೆಸರೆಲ್ಲ ಸೋರಿ ಚಿಪ್ಪುಗಳು ಮಾತ್ರ ಗಲಗಲ ಎನ್ನುತ್ತಿದ್ದವು. “ನಾಗವೇಣಿ ಸವಾರಿ ಬಂತು, ಬಣ್ಣ ಕಾಣಿ ಅದರದ್ದು” ಎಂದು ಪಕ್ಕದ ಮನೆಯ ಬೀರಮ್ಮ ಚಿಕ್ಕಿ ಗೇಲಿ ಮಾಡುವರು. ಅಮ್ಮ ಬುಟ್ಟಿಯನ್ನು ತಲೆಯ ಮೇಲೆ ಬೋರಲಾಗಿ ಹಾಕಿಕೊಂಡು ರಾಣಿಯ ಹಾಗೆ ನಡೆದು ತೋರಿಸುವಳು. ನಾನು ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನಲ್ಲಿ ಏಡಿ ನೋಡುತ್ತ ಮೈಮರೆತಿದ್ದರೆ ಬಯಲಿನ ಆ ತುದಿಯಿಂದ “ವಾರೀ…” ಎಂದು ಕೂಗುವಳು. ನನ್ನ ಹೆಸರು ವಾರಿಜಾ. ಕೊನೆಯ ಅಕ್ಷರವನ್ನು ಎಷ್ಟು ಉದ್ದ ಎಳೆಯುತ್ತಿದ್ದಳೆಂದರೆ, ನಾನು ಓಡಿಬಂದು ಅವಳ ಸೀರೆ ಹಿಡಿಯುವವರೆಗೂ ಅದು ಮುಗಿಯುತ್ತಿರಲಿಲ್ಲ. ಹೀಗೆ ಬರೆಯಬಲ್ಲೆ. ಉದ್ದ ಎಳೆಯುತ್ತಿದ್ದಳು ಎಂಬುದು ನೆನಪಿದೆ. ಆ ಉದ್ದದಲ್ಲಿ ತುಂಬಿರುತ್ತಿದ್ದ ದನಿ ಮಾತ್ರ ಎಲ್ಲೋ ಸೋರಿಹೋಗಿದೆ.

ನಾನು ಹೈಸ್ಕೂಲು ಸೇರಿದ ವರ್ಷ ಅಮ್ಮ ಜ್ವರದಲ್ಲಿ ಹೋದಳು. ಕೆಸರಿಗೆ ಕೊಡುವ ದಿನ ಹಿರಿಯರು ಸೌಟು ಸಾಕು ಎಂದರು. ಅಪ್ಪ ದೋಣಿ ರಿಪೇರಿ ಮಾಡುವವರು, ಹೆಸರು ಮಾದೇವ. ಉಪ್ಪುನೀರಿಗೆ ಯಾವ ಮರ ತಡೆಯುತ್ತದೆ, ಯಾವುದು ಮೆದುವಾಗುತ್ತದೆ ಎಂದು ನೋಡುವುದೇ ಅವರ ಹೊಟ್ಟೆಪಾಡು. ಹಲಗೆಗಳ ಸಂದಿಗೆ ಹತ್ತಿ ತುರುಕಿ ರಾಳ ಬಳಿಯುತ್ತ ಆಯುಸ್ಸಿಡೀ ಕೊಳೆತದ ಜೊತೆ ಜಗಳವಾಡಿದವರು. ಅವರು ಒಳಗೆ ಹೋಗಿ ನೀಲಿ ಬುಟ್ಟಿ ತಂದರು. “ಇದು ಹೋಗೂದಿಲ್ಲ” ಎಂದಷ್ಟೇ ಹೇಳಿದರು. ಅಲ್ಲಿಯವರೆಗೆ ಅಂಥ ವಸ್ತುವನ್ನು ಯಾರೂ ಕೊಟ್ಟಿರಲಿಲ್ಲ. ಕೊಡಬಾರದು ಎಂದೂ ಯಾರೂ ಹೇಳಿರಲಿಲ್ಲ. ಬುಟ್ಟಿಯ ಮೇಲೆ ಕೈಯಿಟ್ಟು ಆ ಎರಡು ಮಾತು ನಾನು ಹೇಳಬೇಕಿತ್ತು. ಊರಿಗೆ ಊರೇ ನನ್ನ ಬಾಯಿ ನೋಡುತ್ತ ನಿಂತಿತ್ತು. ಗಂಟಲಿನಿಂದ ಗಾಳಿ ಕೂಡ ಹೊರಡಲಿಲ್ಲ. ಕಾಲ್ಬೆರಳುಗಳ ನಡುವೆ ನೀರು ಬರತೊಡಗಿತ್ತು, ಇಳಿತ ಮುಗಿದು ಭರತ ಏರತೊಡಗಿತ್ತು. ಕೊನೆಗೆ ಬೀರಮ್ಮ ಚಿಕ್ಕಿ ಮುಂದೆ ಬಂದು, “ಹುಡುಗಿ ಹೇಳ್ತು, ನಂಗೆ ಕೇಳ್ತು. ಹಾಕಿ ಮಾರಾಯ್ರೇ, ಸೀರೆ ಒದ್ದೆ ಆಗ್ತದೆ” ಎಂದರು. ನನ್ನ ನಾಚಿಕೆಗೆ ಅವತ್ತಿನಿಂದ ಅವರೇ ವಕೀಲರು.

ಆಮೇಲಿನ ವರ್ಷಗಳು ಎಷ್ಟು ಚೆನ್ನಾಗಿದ್ದವು ಎಂದು ಹೇಳಿದರೆ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಬೆಳಿಗ್ಗೆ ಒಲೆಯ ಹತ್ತಿರ “ಉಪ್ಪು ನೋಡಿ ಹಾಕು” ಎಂದು ಕೇಳುತ್ತಿತ್ತು. ಶಾಲೆಗೆ ಹೊರಟರೆ ಬಾಗಿಲಿನ ಸಂದಿಯಿಂದ “ಎಣ್ಣೆ ಹಚ್ಕೊಂಡ್ಯಾ?” ಸಂಜೆ ಜಗುಲಿಯಲ್ಲಿ ಅಪ್ಪ ಹತ್ತಿ ಹೊಸೆಯುತ್ತ ಕೂತಿರುವಾಗ ಪಕ್ಕದಲ್ಲೇ ಒಂದು ನಗು. ಅಪ್ಪ ತಲೆ ಎತ್ತದೆ ತಾವೂ ನಗುತ್ತಿದ್ದರು. ಯಾರು ಏನು ಹೇಳಿದರು, ಯಾಕೆ ನಕ್ಕರು ಎಂಬುದು ಬೇಕಾಗಿರಲಿಲ್ಲ. ನಾನು ಮನೆಗೆ ಬಂದವರೊಂದಿಗೆ ಮಾತಾಡದ ಹುಡುಗಿ. ಆದರೆ ಅಮ್ಮನ ದನಿಯ ಪಕ್ಕದಲ್ಲಿ ಕೂತು ದಿನವಿಡೀ ನಡೆದದ್ದನ್ನೆಲ್ಲ ಡೈರಿಗೆ ಬರೆಯುತ್ತಿದ್ದೆ. ಅವಳಿಗೆ ಓದಿ ಹೇಳಿದ ಹಾಗೆಯೇ ಆಗುತ್ತಿತ್ತು. ಹಗ್ಗ ಕೊಟ್ಟವರ ಮನೆಗಳಲ್ಲಿ ದನಿಗಳು ಸಣ್ಣಗಾಗುತ್ತ ಬಂದರೂ ನಮ್ಮ ಮನೆಯಲ್ಲಿ ಮೊದಲ ದಿನದ ಹಾಗೇ ಕೇಳುತ್ತಿತ್ತು. ಊರು ಅದನ್ನು ಗಮನಿಸಿತು. ಗಂಡನನ್ನು ಕಳೆದುಕೊಂಡವಳು ಅವನ ಹವಾಯಿ ಚಪ್ಪಲಿ ಕೊಟ್ಟಳು. ಮಗನನ್ನು ಕಳೆದುಕೊಂಡವರು ಅವನ ಕ್ರಿಕೆಟ್ ಬಾಲು. ಬಾಚಣಿಗೆ, ಮಗ್ಗು, ಟಾರ್ಚು, ನೈಲಾನ್ ಬಲೆ. “ಮಾದೇವನ ಬುದ್ಧಿ ಅಂದ್ರೆ ಬುದ್ಧಿ” ಎಂದು ಎಲ್ಲರೂ ಹೊಗಳಿದರು. ಪಾಯಸದ ಪಾತ್ರೆಗಳು ಅಟ್ಟ ಸೇರಿದವು.

ಬಿಸಿಲು, ಉಪ್ಪು, ಮಳೆಗಾಲದ ನೆರೆ ಇವುಗಳು ಒಟ್ಟಾಗಿ ಏನು ಮಾಡುತ್ತವೆ ಎಂದು ಮರವನ್ನು ಬಲ್ಲ ಅಪ್ಪನಿಗೂ ಅಂದಾಜಿರಲಿಲ್ಲ. ನೆರೆ ಕೆಸರನ್ನು ಕೊರೆದು ಬುಟ್ಟಿಯನ್ನು ಮೇಲೆ ತಂತು. ಬಿಸಿಲು ಅದನ್ನು ಹಪ್ಪಳ ಮಾಡಿತು. ಭರತ ಬಂದು ಮುರಿಯಿತು, ಇಳಿತ ಹರಡಿತು. ಮೊದಲು ಅಮ್ಮನ ವಾಕ್ಯಗಳು ಅರ್ಧಕ್ಕೆ ನಿಲ್ಲತೊಡಗಿದವು. “ಉಪ್ಪು ನೋಡಿ…” ಎಂದು ಸುಮ್ಮನಾಗುವುದು. ಉಳಿದರ್ಧ ಮಧ್ಯಾಹ್ನ ಹೊತ್ತಿಗೆ ಬೀರಮ್ಮ ಚಿಕ್ಕಿಯ ಅಡುಗೆಮನೆಯಲ್ಲಿ ಕೇಳುವುದು. ಬಳಚು ತಿಂದದ್ದರಲ್ಲಿ ಚೂರು, ಚೂರಿನಲ್ಲಿ ಅಮ್ಮ. ಬೇಯುವ ನೀರಿನಲ್ಲಿ ಚಿಪ್ಪು ಬಾಯಿ ತೆರೆದಾಗ ಯಾರೋ “ಹಾಕು” ಎನ್ನುತ್ತಿದ್ದರು.

ನಮ್ಮೂರಿನವರು ಇದಕ್ಕೂ ಒಗ್ಗಿಕೊಂಡರು. ದಣಪೆಯ ಹತ್ತಿರ ಬಂದು ಕರೆಯುವರು: “ವಾರೀ, ನಿಮ್ಮ ನಾಗವೇಣಿ ನಮ್ಮನೆ ಸಾರಲ್ಲಿ ಬಂದಿದಾಳೆ, ಬೇಗ ಬಾ, ಆರಿದ್ರೆ ಕೇಳೂದಿಲ್ಲ.” ಯಾರ ಮನೆಗೂ ಹೋಗಲು ಹೆದರುವ ನಾನು ಯಾರ್ಯಾರದೋ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು ಪಾತ್ರೆಗೆ ಕಿವಿಗೊಟ್ಟಿದ್ದೇನೆ. ಅವರು ಬೆಲ್ಲ ನೀರು ಕೊಡುವರು, ನಾನು ಕಣ್ಣು ಕೆಳಗೆ ಹಾಕಿ ಕುಡಿದು ಬರುವೆ. ನಮ್ಮ ಮನೆಗೂ ಬೇರೆಯವರು ಬಂದು ಹಾಗೇ ಕೂರುತ್ತಿದ್ದರು. ಅಳಿವೆಯ ನೀರಿನಿಂದ ತೆಗೆದ ಉಪ್ಪಿನಲ್ಲೂ ಚೂರುಗಳಿದ್ದವು; ಕೃಷ್ಣಪ್ಪನವರ ಮಗ ಒಮ್ಮೆ ನಮ್ಮ ಉಪ್ಪಿನ ಭರಣಿಯ ಮುಂದೆ ಕೂತು, ತೀರಿಹೋದ ತನ್ನ ಅಪ್ಪನ ದನಿ ಕೇಳಿ ಅತ್ತದ್ದು ನೆನಪಿದೆ.

ನಾನು ಆ ದಡದ ಕಾಲೇಜಿಗೆ ದೋಣಿಯಲ್ಲಿ ದಾಟಿ ಹೋಗಿ ಡಿಗ್ರಿ ಮುಗಿಸಿದೆ. ಅಲ್ಲಿ ಒಂದು ದಿನ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಅಳಿವೆಯ ಕೆಸರನ್ನು ಗಟ್ಟಿ ಉಪ್ಪುನೀರಿನಲ್ಲಿ ಕದಡಿ ಇಡಿಸಿದರು. ಮಣ್ಣು ತಳಕ್ಕೆ ಕೂತಿತು, ಪ್ಲಾಸ್ಟಿಕ್ಕಿನ ಪುಡಿ ಮೇಲೆ ತೇಲಿತು. ಸೂಕ್ಷ್ಮದರ್ಶಕದಡಿ ನೀಲಿ ಚೂರು, ಕೆಂಪು ಎಳೆ, ಬಿಳಿ ಹುಡಿ. ಬೇರೆ ಊರಿನಿಂದ ಬಂದ ಹುಡುಗಿಯರು ನೋಡಿ ಚಿತ್ರ ಬರೆದುಕೊಂಡರು. ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ನನಗೆ ಸಂತೆಯ ನಡುವೆ ನಿಂತ ಹಾಗಾಗುತ್ತಿತ್ತು. ಆ ಗಲಾಟೆಯಲ್ಲಿ ಅಮ್ಮನನ್ನು ಹುಡುಕಿದೆ. ಇದಾ, ಇದಲ್ಲ, ಇದಿರಬಹುದಾ. ನನ್ನ ಚಿಂತೆ ಹುಟ್ಟಿದ್ದು ಆ ಬೆಂಚಿನ ಮೇಲೆ. ಮನೆಗೆ ಬಂದು ಉಪ್ಪುನೀರಿನ ಉಪಾಯವನ್ನು ಮಾತ್ರ ಅಪ್ಪನಿಗೆ ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ.

ಅಪ್ಪನಿಗೆ ಅಷ್ಟೇ ಬೇಕಾಗಿತ್ತು. ದೋಣಿಯ ಕೆಲಸ ಬಿಟ್ಟೇಬಿಟ್ಟರು. ಇಳಿತವಾದರೆ ಸಾಕು, ಮೊಣಕಾಲವರೆಗೆ ಕೆಸರಿನಲ್ಲಿ. ಕೊಡಪಾನದಲ್ಲಿ ಕೆಸರು ತಂದು, ಉಪ್ಪಿನ ಆಗರದ ಗಟ್ಟಿ ನೀರಿನಲ್ಲಿ ಕದಡಿ, ತೇಲಿ ಬಂದದ್ದನ್ನು ಹಳೆಯ ಪಂಚೆಯಲ್ಲಿ ಸೋಸಿ, ನೀಲಿಯದನ್ನಷ್ಟೇ ಹೆಕ್ಕುವರು. ಕಣ್ಣಿಗೆ ಕಾಣದಷ್ಟು ಸಣ್ಣದನ್ನು ಉಗುರಿನ ತುದಿಯಿಂದ ಎತ್ತಿ ನನ್ನ ಕಿವಿಯ ಹತ್ತಿರ ಹಿಡಿಯುವರು. “ಕೇಳು ವಾರಿ, ಹೌದಲ್ದಾ?” ಚೂರು ‘ಡ್ಯಾ’ ಎನ್ನುತ್ತಿತ್ತು, ಅಥವಾ ‘ನೋ’ ಎನ್ನುತ್ತಿತ್ತು. ನಾನು ತಲೆಯಾಡಿಸುವೆ. ಅವರು ಅದನ್ನು ಗಾಜಿನ ಭರಣಿಗೆ ಹಾಕುವರು. ಅವರ ಕಾಲು ಉಪ್ಪಿಗೆ ಬಿರಿದು ಹುಣ್ಣಾಗಿತ್ತು. ದೋಣಿಗಳು ನಮ್ಮ ಅಂಗಳದಲ್ಲಿ ಬೋರಲು ಬಿದ್ದು ಒಣಗುತ್ತಿದ್ದವು. ಇಡೀ ಬುಟ್ಟಿ ಕೂಡಿದರೆ ಇಡೀ ನಾಗವೇಣಿ ಬರುತ್ತಾಳೆ ಎಂಬುದು ಅವರ ಹಟ.

ಅಷ್ಟರಲ್ಲಿ ಊರಿನ ಮಕ್ಕಳ ವಿಷಯ ಶುರುವಾಯಿತು. ಎಲ್ಲರ ಹೊಟ್ಟೆಯಲ್ಲೂ ಎಲ್ಲರ ಮನೆಯವರೂ ಇದ್ದರಲ್ಲ, ಮೊಲೆಹಾಲಿನಲ್ಲೂ ಇದ್ದರು. ಹುಟ್ಟಿದ ಕೂಸುಗಳು ಮೊದಲ ಮಾತಾಗಿ ಸತ್ತವರ ಮಾತನ್ನೇ ಆಡತೊಡಗಿದವು. ಕೆಳಗಿನ ಕೇರಿಯ ಕೂಸೊಂದು ಬಾಯಿ ಬಿಟ್ಟದ್ದೇ “ಹೊಗೆಸೊಪ್ಪು ತಾ” ಎಂದಿತು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಇನ್ನೊಂದು “ಬಲೆ ಒಣಗಿಸಿದ್ಯಾ” ಎಂದಿತು. ಆಮೇಲೆ ನಗು ಕಮ್ಮಿಯಾಯಿತು. ಅಮ್ಮಾ ಎನ್ನುವ ಕೂಸು ಒಂದೂ ಇರಲಿಲ್ಲ.

ಬೀರಮ್ಮ ಚಿಕ್ಕಿಯ ಸೊಸೆ ಲೋಲಾಕ್ಷಿಗೆ ಹೆಣ್ಣುಕೂಸು. ತೆವಳುವ ವಯಸ್ಸಿನದು. ಒಂದು ಬೆಳಿಗ್ಗೆ ಚಿಕ್ಕಿ ದಣಪೆಯಿಂದಲೇ ಕರೆದರು, ಎಂದಿನ ಗೇಲಿ ಇರಲಿಲ್ಲ. ಹೋಗಿ ನೋಡಿದರೆ ಕೂಸು ಚಾಪೆಯ ಮೇಲೆ ಕೂತು ನನ್ನತ್ತ ಕೈ ಚಾಚಿ “ವಾರೀ…” ಎಂದಿತು. ಉದ್ದಕ್ಕೆ ಎಳೆದು. ಲೋಲಾಕ್ಷಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

“ಹೇಳು ತಂಗೀ,” ಎಂದರು ಚಿಕ್ಕಿ. “ಇದು ನಿನ್ನ ಅಬ್ಬೆ ಕರ್ದಿದ್ದಾ, ನಮ್ಮ ಕೂಸು ಕರ್ದಿದ್ದಾ?”

ನಾನು ಕೂಸಿನ ಬಾಯಿಯನ್ನೇ ನೋಡಿದೆ. ಅದು ಇನ್ನೊಮ್ಮೆ ಕರೆಯಿತು.

“ದಿನಾ ನೀನು ಈ ದಾರೀಲೇ ಹೋಗ್ತೆ. ನಾನು ವಾರೀ ವಾರೀ ಅಂತ ಕೂಗೂದು ಅದ್ಕೆ ಕೇಳ್ತದೆ. ಅದೇ ಕಲ್ತಿದ್ರೆ ನಂಗೆ ಹಾಲು ಕುಡಿದಷ್ಟು ಸಂತೋಷ. ನಾಗವೇಣಿ ಆಗಿದ್ರೆ…” ಚಿಕ್ಕಿ ಕೂಸಿನ ಜೊಲ್ಲು ಒರೆಸಿದರು. “ನಾಗವೇಣಿ ನಂಗೆ ಒಡಹುಟ್ಟಿದ ಹಾಗೆ, ಅದು ಬೇರೆ. ಆದ್ರೆ ನಮ್ಮ ಕೂಸು ತನ್ನದೇ ಮಾತು ಆಡೂದು ಯಾವಾಗ? ನಿಂಗೆ ಗೊತ್ತಾಗ್ಬೇಕಲ್ಲ, ಮಗಳಲ್ದಾ ನೀನು? ಹೇಳು.”

ತಲೆಯಾಡಿಸಲಿಕ್ಕೂ ಆಗಲಿಲ್ಲ. ಎರಡರಲ್ಲಿ ಯಾವುದಕ್ಕೆ ತಲೆಯಾಡಿಸಲಿ? ಕೂಸು ಮೂರನೆಯ ಸಲ ಕರೆದಾಗ ನನ್ನ ಬಾಯಿಂದ ನನಗೇ ತಿಳಿಯದೆ “ಓ” ಎಂದು ಬಂತು. ಅದು ಕೇಕೆ ಹಾಕಿ ನಕ್ಕು, ಎರಡೂ ಕೈಯಿಂದ ಚಾಪೆ ಬಡಿಯಿತು. ಅಮ್ಮನ ದನಿಗೆ ನಾನು ಎಷ್ಟೋ ಸಲ ಓ ಎಂದಿದ್ದೇನೆ. ಅದು ಯಾವತ್ತೂ ತಿರುಗಿ ನಕ್ಕಿರಲಿಲ್ಲ. ನಾನು ಮನೆಗೆ ಓಡಿದೆ.

ಮನೆಯಲ್ಲಿ ಸುಟ್ಟ ವಾಸನೆ. ಅಂಗಳದಲ್ಲಿ ಅಪ್ಪ ರಾಳ ಕಾಯಿಸುವ ಕಬ್ಬಿಣದ ಬಾಣಲೆಯನ್ನು ಒಲೆಗೇರಿಸಿ ಭರಣಿಯ ನೀಲಿ ಪುಡಿಯನ್ನೆಲ್ಲ ಕರಗಿಸುತ್ತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹೊಗೆಗೆ. “ಚೂರು ಚೂರಾದ್ದಕ್ಕಲ್ದಾ ದನಿ ಒಡೆದದ್ದು,” ಎಂದರು. “ಒಂದು ಮಾಡಿದ್ರೆ ಒಂದಾಗ್ತದೆ. ನಂಗೆ ಮೊದ್ಲೇ ಹೊಳೀಬೇಕಿತ್ತು.” ಮೆತ್ತಗಿನ ಮುದ್ದೆಯನ್ನು ತೆಂಗಿನ ಚಿಪ್ಪಿನ ಮೇಲೆ ಒತ್ತಿ ಬಟ್ಟಲಿನ ಆಕಾರ ತಂದರು. ಆರಿದ ಮೇಲೆ ಅದು ಮಾತಾಡಿತು. ಉಪ್ಪು, ಬಾಗಿಲು, ಬೆಕ್ಕು, ಎಣ್ಣೆ, ಬಂದ್ಯಾ, ಹೋದ್ಯಾ ಎಲ್ಲ ಒಂದೇ ಉಸಿರಿನಲ್ಲಿ. ಊರಿನಲ್ಲಿ ನೀಲಿ ಬಣ್ಣದ್ದು ಕೊಟ್ಟವರು ನಾವೊಬ್ಬರೇ ಅಲ್ಲವಲ್ಲ. ಬಕೆಟ್ಟು, ಮಗ್ಗು, ಬಲೆಯ ದಾರ, ಚಪ್ಪಲಿಯ ಪಟ್ಟಿ ಎಲ್ಲದರ ನೀಲಿಯೂ ಅದರಲ್ಲಿತ್ತು. ಗಂಡಸೋ ಹೆಂಗಸೋ ತಿಳಿಯದ, ವಯಸ್ಸೇ ಇಲ್ಲದ ಒಂದು ದಪ್ಪ ದನಿ. ಅಪ್ಪ ಅದನ್ನು ಎದೆಗೆ ಒತ್ತಿಕೊಂಡು, “ನಾಳೆ ಇಳಿತಕ್ಕೆ ಮತ್ತೊಮ್ಮೆ ಕೊಡುವ. ಈ ಸಲ ಮುರಿಯೂದಿಲ್ಲ, ದಪ್ಪ ಉಂಟು” ಎಂದರು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಮರುದಿನ ಕೆಸರಿನ ಅಂಚಿನಲ್ಲಿ ಊರೇ ನಿಂತಿತ್ತು. ಕೆಲವರ ಕೈಯಲ್ಲಿ ಅವರವರ ಡಬ್ಬಿಗಳು, ಕೆಂಪು ಹುಡಿಯದು, ಹಸಿರಿನದು. ಮಾದೇವನದು ಸರಿಹೋದರೆ ತಾವೂ ಕರಗಿಸಬೇಕೆಂದು ಕಾಯುತ್ತಿದ್ದರು. ಕೃಷ್ಣಪ್ಪನವರ ಮಗ “ಬಾಣಲೆ ನಂಗೂ ಒಂದಿನ ಕೊಡಿ ಮಾದೇವಣ್ಣ” ಎಂದ. ಬೀರಮ್ಮ ಚಿಕ್ಕಿ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಹಿಂದೆ ನಿಂತಿದ್ದರು, ನನ್ನ ಕಡೆ ನೋಡಲಿಲ್ಲ.

ಅಪ್ಪ ಹುಣ್ಣಾದ ಕಾಲಿನಲ್ಲಿ ಗುಂಡಿ ತೋಡಿದರು. ಕಪ್ಪು ಕೆಸರಿನ ಒಳಗೆ ಸಕ್ಕರೆ ಹರಳಿನಂತೆ ಬಣ್ಣಬಣ್ಣದ ಪುಡಿ ಮಿನುಗಿತು. ಇಷ್ಟು ಹೆಕ್ಕಿಯೂ ಅಷ್ಟೇ ಉಳಿದಿತ್ತು. ಅವರು ನೀಲಿ ಬಟ್ಟಲನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. ಅದು ಒಳಗೊಳಗೇ ಗೊಣಗುತ್ತಿತ್ತು. “ಕೈ ಇಡು ವಾರಿ. ಇದು ನಮ್ಮದು ಅನ್ನು.”

ನಾನು ಕೈಯಿಟ್ಟೆ. ಬಿಸಿಲಿಗೆ ಬೆಚ್ಚಗಿತ್ತು. ಅಂದಿನ ಹಾಗೆಯೇ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಚಿಕ್ಕಿ ನನ್ನ ಪರವಾಗಿ ಹೇಳಿಯಾರು ಎಂದು ತಿರುಗಿ ನೋಡಿದೆ. ಅವರು ತುಟಿ ಬಿಗಿದುಕೊಂಡಿದ್ದರು.

ಅಪ್ಪ ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು. “ಹೇಳು ಮಗಾ. ನಂಗೆ ಈಗ ಕಿವಿ ಅಷ್ಟು ಸಮ ಇಲ್ಲ. ನೀನು ಹೌದು ಅಂತ ತಲೆ ಆಡ್ಸಿದ್ದು ಕಂಡೇ ಅಲ್ದಾ ನಾನು ಇಷ್ಟು ದಿವಸ ಹೆಕ್ಕಿದ್ದು.”

ಅಪ್ಪನ ಕಿವಿಗೆ ಏನೂ ಆಗಿರಲಿಲ್ಲ. ಆಚೆ ದಡದಲ್ಲಿ ದೋಣಿಯ ಗಂಟೆ ಬಾರಿಸಿದರೆ ನನಗಿಂತ ಮೊದಲು ತಲೆ ಎತ್ತುವವರು ಅವರು. ನಾನು ಅವರ ಮುಖ ನೋಡಿದೆ. ಅವರು ಬಟ್ಟಲನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನೀರು ತಿರುಗುವ ಕಡೆ ನೋಡುತ್ತಿದ್ದರು, ಕ್ಲಾಸಿನಲ್ಲಿ ಪ್ರಶ್ನೆ ತನ್ನ ಕಡೆ ಬರಬಾರದೆಂದು ಕಿಟಕಿ ನೋಡುವ ಮಗುವಿನ ಹಾಗೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಅದು ನನ್ನದೇ.

ಕಾಲ್ಬೆರಳ ಸಂದಿಗೆ ಮೊದಲ ನೀರು ಬಂತು. ಹಿಂದೆ ಯಾರೋ “ಬೇಗ, ಬೇಗ” ಎಂದರು. ಚಿಕ್ಕಿಯ ಸೊಂಟದಿಂದ ಕೂಸು “ವಾರೀ…” ಎಂದು ಕರೆಯಿತು. ನಾನು ಬಟ್ಟಲನ್ನು ಅಪ್ಪನ ಕೈಯಿಂದ ತೆಗೆದುಕೊಂಡೆ. ಗುಂಡಿಗೆ ಹಾಕಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡೆ. ಆಮೇಲೆ ಅವರ ಕೆಸರು ಮೆತ್ತಿದ ಕೈ ಹಿಡಿದು, ಕೊನೆಯ ಸಾಲಿನಲ್ಲಿ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

“ಅಪ್ಪಾ, ಅಮ್ಮನ ದನಿ ನಂಗೂ ಮರ್ತುಹೋಗಿದೆ.”